ಕಣದ ಮೆಣಸು

ಮಲರ್ ಹೊರಡುವುದು ನಾಡಿದ್ದು ಎಂದು ನೆನಪಾದಾಗಲೆಲ್ಲ ಉಷಾರಾಣಿಗೆ ಬೇಜಾರಾಗುವ ಬದಲು ಎದೆಯೊಳಗೆ ಏನೋ ಸಡಿಲವಾದ ಹಾಗಾಗುತ್ತಿತ್ತು. ಹಾಗಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಅವಳು ಎದ್ದು ಮತ್ತೊಂದು ದೋಸೆ ಹುಯ್ದಳು. "ಸಾಕು ಉಷಾ, ನಾನು ವಿಮಾನದಲ್ಲಿ ಹೋಗ್ಬೇಕು, ಲಾರೀಲಿ ಅಲ್ಲ," ಎಂದು ಮಲರ್ ತಟ್ಟೆಗೆ ಕೈ ಅಡ್ಡ ಹಿಡಿದು ನಕ್ಕಳು. ಇಬ್ಬರ ನಡುವಿನ ಮಾತು ಮಸ್ಕತ್ತಿನ ಒಂದು ಮನೆಯ ಅಡುಗೆಕೋಣೆಯಲ್ಲಿ ಹುಟ್ಟಿದ್ದು. ಅರ್ಧ ತಮಿಳು, ಅರ್ಧ ಕನ್ನಡ, ಯಾರಾದರೂ ಕೇಳಿದರೆ ಜಗಳವೋ ನಗುವೋ ಎಂದು ತಿಳಿಯದಂಥದ್ದು. ಅಲ್ಲಿ ಉಷಾ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ಮಲರ್ ಅಡುಗೆ ಮಾಡುತ್ತಿದ್ದಳು. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಅವಳು ಮಲರಕ್ಕ. ಶ್ರೀಲಂಕಾದ ಹ್ಯಾಟನ್ ಕಡೆ, ಟೀ ತೋಟದ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿದವಳು, ಈಗ ಅಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ದುಡಿಯುವುದಕ್ಕಲ್ಲದೆ ಸುಮ್ಮನೆ ನೋಡಲಿಕ್ಕೆಂದು ಅವಳು ಸಮುದ್ರ ದಾಟಿದ್ದು ಇದೇ ಮೊದಲು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ಯಾಕೆ ಬಂದದ್ದು ಎಂದು ಕೇಳಿದಾಗ, "ಹಾಲಿಡೇ!" ಎಂದು ಹಿಂದಿನ ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳಂತೆ. ಬಂದಾಗಿನಿಂದ ಆ ಕಥೆಯನ್ನು ಅವಳು ಸಿಕ್ಕಿದವರಿಗೆಲ್ಲ ಹೇಳಿದ್ದಳು. ದುಬಾರೆಯಲ್ಲಿ ಆನೆ ಸ್ನಾನ ನೋಡುತ್ತಾ ಪಕ್ಕದಲ್ಲಿ ನಿಂತಿದ್ದ ಹಾಸನದ ಸಂಸಾರವೊಂದಕ್ಕೂ ಹೇಳಿದಳು; ಅವರು ಏನೂ ಅರ್ಥವಾಗದೆ ಸಂತೋಷಪಟ್ಟು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಆಗ ಉಷಾಗೆ ಹೆಮ್ಮೆಯಾಗಿತ್ತು. ತನ್ನ ಹೊಳೆ, ತನ್ನ ಆನೆ, ತನ್ನ ಕೊಡಗು ಎನ್ನುವ ಹಾಗೆ ಕೈ ಬೀಸಿ ಬೀಸಿ ತೋರಿಸಿದ್ದಳು.

ತೋರಿಸದೆ ಉಳಿಸಿಕೊಂಡದ್ದು ಒಂದೇ, ತಾನು ಮಾಡುವ ಕೆಲಸ. ಫೋನಿನಲ್ಲಿ ಯಾವಾಗಲೂ "ಎಸ್ಟೇಟ್ ಆಫೀಸಲ್ಲಿದ್ದೀನಿ ಅಕ್ಕಾ" ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಬೆಳಿಗ್ಗೆ ಆಫೀಸಿನ ಜಗಲಿಯಲ್ಲಿ ನಿಂತು ಹೆಂಗಸರ ಹಾಜರಿ ಕೂಗುತ್ತಿದ್ದಳು, ಗುಂಪು ಮಾಡಿ ಪಿಕಿಂಗಿಗೆ ಕಳಿಸುತ್ತಿದ್ದಳು. ಆದರೆ ಹುಟ್ಟೂರು ಶಿರಂಗಾಲದ ಜೋಳದ ಹೊಲ ಬಿಟ್ಟು ಬಂದ ಅವಳಿಗೆ ಕಕ್ಕಬೆಯ ಈ ಗುಡ್ಡದ ಮೇಲೆ ಕೆಲಸ, ಮನೆ, ಕರೆಂಟು ಎಲ್ಲ ಕೊಟ್ಟದ್ದು ಸಂಜೆಯ ಕೆಲಸಕ್ಕಾಗಿ. ಕಾಫಿ ಕೊಯ್ಲು ಮುಗಿಯುತ್ತಾ ಕರಿಮೆಣಸು ಶುರುವಾದರೆ ಸಾಕು, ದಿನವೂ ಸಂಜೆ ಹೆಂಗಸರು ಮನೆಗೆ ಹೋಗುವ ಮೊದಲು ಗೋಡೌನಿನ ಮುಂದೆ ಸಾಲು ನಿಲ್ಲಬೇಕು, ಅವರ ಬುತ್ತಿ ಚೀಲ, ತಲೆಗೆ ಕಟ್ಟಿದ ಬಟ್ಟೆ, ಸೊಂಟದ ಗಂಟು ಇವನ್ನೆಲ್ಲ ಒಬ್ಬ ಹೆಂಗಸು ಮುಟ್ಟಿ ನೋಡಬೇಕು. ಎಲ್ಲರೂ ಅದನ್ನು ಚೆಕಿಂಗು ಎನ್ನುತ್ತಿದ್ದರು. ಆ ಹೆಂಗಸು ಉಷಾರಾಣಿ. ಮಲರ್ ಇರುವ ದಿನಗಳಿಗೆಂದು ಅವಳು ರಜೆ ಕೇಳಿ ಪಡೆದಿದ್ದಳು. ಲೈನಿನ ಕಡೆ ವಾಕಿಂಗ್ ಹೋದಾಗಲೂ ಯಾರಾದರೂ ಬಾಯಿ ತಪ್ಪಿ ಆಡಿಬಿಟ್ಟಾರೆಂದು ಮೈಯೆಲ್ಲ ಕಿವಿಯಾಗಿ ನಡೆದಿದ್ದಳು. ಮಲರ್ ಮಾತ್ರ ಲೈನಿನ ಗಂಗಮ್ಮನ ಮನೆಯ ಮೆಟ್ಟಿಲ ಮೇಲೆ ಕೂತು, ತನ್ನ ತಮಿಳು ಅರ್ಥವಾಗುವವಳೊಬ್ಬಳು ಸಿಕ್ಕಿದಳೆಂದು, ಹುಟ್ಟಿದ ಮನೆಗೆ ಬಂದವಳ ಹಾಗೆ ಕಾಲು ಚಾಚಿ ಹರಟಿದ್ದಳು. ಅರ್ಧ ಆಯುಷ್ಯವನ್ನು ಎಸ್ಟೇಟಿನ ತಮಿಳರ ನಡುವೆ ಕಳೆದ ಆ ಮುದುಕಿ ಪಿರಿಯಾಪಟ್ಟಣದ ಕಡೆಯವಳಾದರೂ ತಮಿಳಿನಲ್ಲಿ ಬೈಯಲೂ ಬಲ್ಲಳು, ಹಾಡಲೂ ಬಲ್ಲಳು.

ದೋಸೆ ಹೆಂಚು ಇಳಿಸುವ ಹೊತ್ತಿಗೆ ಅಂಗಳದಲ್ಲಿ ಸ್ಕೂಟರ್ ನಿಂತಿತು. ತೋಟದ ಲೆಕ್ಕ ನೋಡುವ ರೈಟರ್ ಪದ್ಮಯ್ಯ. ತೋಟದ ಯಜಮಾನರು ಮೈಸೂರಿನಲ್ಲಿದ್ದುದರಿಂದ ಇಲ್ಲಿ ಯಜಮಾನನೂ ಅವನೇ, ಅವರ ಭಯದಲ್ಲಿ ಬದುಕುವವನೂ ಅವನೇ. ಸ್ಕೂಟರಿನಿಂದ ಇಳಿಯದೆ, "ಉಷಾ ಅವ್ರೇ, ಇವತ್ತೊಂದು ಸಂಜೆ ಬಂದೋಗಿ ಮಾರಾಯ್ರೆ. ಕಣದ ತುಂಬ ಮೆಣಸು ಹರಡಿದೆ. ತೂಕ ಬೇರೆ ಬರ್ತಾ ಇಲ್ಲ, ಮೈಸೂರಿಂದ ಫೋನ್ ಮೇಲೆ ಫೋನು. ಹೆಂಗಸ್ರನ್ನ ನಾನು ಮುಟ್ಟಿ ನೋಡ್ಲಿಕ್ಕಾಗ್ತದಾ, ನೀವೇ ಹೇಳಿ," ಎಂದ. ಉಷಾ ಗಾಬರಿಯಿಂದ ಒಳಗೆ ನೋಡಿದಳು. ಮಲರ್ ನಲ್ಲಿಯ ಕೆಳಗೆ ತಟ್ಟೆ ತೊಳೆಯುತ್ತಿದ್ದಳು. ನೀರಿನ ಸದ್ದು ಸಾಕಷ್ಟು ಜೋರಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡು, "ಬರ್ತೀನಿ, ನೀವು ಹೋಗಿ" ಎಂದು ಪಿಸುಗುಟ್ಟಿದಳು. ಯಾರು, ಏನಂತೆ ಎಂದು ಮಲರ್ ಕೇಳಿದ್ದಕ್ಕೆ, "ಒಂದು ಸೈನ್ ಹಾಕ್ಬೇಕಂತೆ. ಸಂಜೆ ಹೋಗಿ ಬಂದ್ಬಿಡ್ತೀನಿ, ನೀವು ಮನೇಲೇ ಇರಿ, ದಾರೀಲಿ ಜಿಗಣೆ" ಎಂದಳು. ಬೇಸಿಗೆಯ ಬಾಗಿಲಲ್ಲಿ ಜಿಗಣೆ ಎಲ್ಲಿಂದ ಬರಬೇಕು. ಮಲರ್ ತಟ್ಟೆಯನ್ನು ಬೋರಲು ಹಾಕಿದಳು.

ಸಂಜೆ ಗೋಡೌನಿನ ಮುಂದೆ ನಿಂತಾಗ ಅವಳ ಕೈಗಳು ತಮ್ಮಷ್ಟಕ್ಕೆ ಕೆಲಸ ಶುರುಮಾಡಿದವು. ಇದಕ್ಕೆ ಅವಳದೇ ಒಂದು ಕ್ರಮವಿತ್ತು. ಅಂಗೈಯಿಂದ ಮುಟ್ಟುತ್ತಿರಲಿಲ್ಲ, ಕೈಯ ಹಿಂಬದಿಯನ್ನು ಸೊಂಟದ ಸುತ್ತ ಹಾಗೇ ಸವರಿ ಬಿಡುತ್ತಿದ್ದಳು. ಅದರಿಂದ ಎದುರಿಗಿದ್ದವರಿಗೆ ಅವಮಾನ ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ. ಯಾರೂ ಹಾಗೆ ಹೇಳಿರಲಿಲ್ಲ. ತನ್ನನ್ನು ಚೆಕ್ ಮಾಡಲು ಮಸ್ಕತ್ತಿನ ಮನೆಯ ಮೇಡಂ ಪಾತ್ರೆ ತೊಳೆಯುವ ಹಳದಿ ಗ್ಲೌಸ್ ಹಾಕಿಕೊಂಡು ಬಂದಿದ್ದಳು. ಊರಿಗೆ ಹೊರಡುವ ದಿನ ಹಜಾರದ ಕಾರ್ಪೆಟ್ಟಿನ ಮೇಲೆ ಉಷಾಳ ಸೂಟ್‌ಕೇಸ್ ತೆರೆಸಿ, ಒಳ ಬಟ್ಟೆಗಳನ್ನೂ ಒಂದೊಂದಾಗಿ ಕೊಡವಿ, ಮಕ್ಕಳು ಸೋಫಾದ ಮೇಲೆ ಕೂತು ನೋಡುತ್ತಿರುವಾಗ ತಳದಿಂದ ಒಂದು ಹೇರ್‌ಕ್ಲಿಪ್ ತೆಗೆದು ಪಕ್ಕಕ್ಕಿಟ್ಟಿದ್ದಳು. ಚಿಕ್ಕ ಹುಡುಗಿಯೇ ಪ್ರೀತಿಯಿಂದ ಕೊಟ್ಟ ಕ್ಲಿಪ್ಪು. ಹುಡುಗಿ ಬಾಯಿಬಿಡಲಿಲ್ಲ, ಉಷಾಳೂ ಬಿಡಲಿಲ್ಲ. ಆಗ ಅಡುಗೆಕೋಣೆಯಿಂದ ಮಲರ್ ತನ್ನ ಸೂಟ್‌ಕೇಸನ್ನು ದರದರ ಎಳೆದುಕೊಂಡು ಬಂದಳು. ಅವಳು ಊರಿಗೆ ಹೊರಟಿರಲಿಲ್ಲ, ಅವಳನ್ನು ಯಾರೂ ಕರೆದೂ ಇರಲಿಲ್ಲ. ಉಷಾಳ ಪೆಟ್ಟಿಗೆಯ ಪಕ್ಕದಲ್ಲೇ ತನ್ನದನ್ನೂ ಬಿಚ್ಚಿ ಹರಡಿ, "ಇದನ್ನೂ ನೋಡಿ ಮೇಡಂ" ಎಂದು ಕೈಕಟ್ಟಿ ನಿಂತಳು. ಮೇಡಂ ನೋಡಲಿಲ್ಲ. ಅವಳ ಮುಖ ಕೆಂಪಾಗಿ, ಗ್ಲೌಸ್ ಬಿಚ್ಚುತ್ತಾ ಒಳಗೆ ಹೋದದ್ದು ಮಾತ್ರ ನೆನಪಿದೆ. ಬದುಕಿನಲ್ಲಿ ತನಗಾಗಿ ಇನ್ನೊಬ್ಬರು ಮಾಡಿದ್ದು ಎಂದು ಉಷಾ ಲೆಕ್ಕಕ್ಕೆ ಹಿಡಿದಿದ್ದರೆ ಅದೊಂದನ್ನೇ.

ಗಂಗಮ್ಮನ ಸರದಿ ಬಂತು. ಗಂಗಮ್ಮನ ಸೊಂಟದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಹಿಡಿ ಮೆಣಸು ಇರುವುದು ಉಷಾಗೆ ಗೊತ್ತು. ಗೊತ್ತಿರುವುದು ಗಂಗಮ್ಮನಿಗೂ ಗೊತ್ತು. ಕೈ ಅಲ್ಲಿ ತುಸು ಬೇಗ ಹಾದುಹೋಗುತ್ತಿತ್ತು, ಮುದುಕಿ ಆಕಾಶ ನೋಡುತ್ತಿದ್ದಳು, ಅಷ್ಟೇ. ಅವತ್ತೂ ಗಂಟು ಕೈಗೆ ತಗುಲಿತು. ಅದೇ ಹೊತ್ತಿಗೆ, ಕಣದ ಆಚೆ ಬದಿಯ ಸಿಲ್ವರ್ ಓಕ್ ಮರದ ಹತ್ತಿರ, ಉಷಾಳ ನೀಲಿ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದ ಮಲರ್ ಕಣ್ಣಿಗೆ ಬಿದ್ದಳು. ಚಳಿಯಲ್ಲಿ ಉಷಾ ಸ್ವೆಟರ್ ಮರೆತು ಹೋದಳೆಂದು ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಉಷಾಳ ಕೈ ನಿಂತುಬಿಟ್ಟಿತು. ಕೈ ನಿಂತದ್ದೇ ತಪ್ಪಾಯಿತು. ತೂಕದ ಯಂತ್ರದ ಹತ್ತಿರವಿದ್ದ ಪದ್ಮಯ್ಯ ತಲೆ ಎತ್ತಿ, "ಏನದು?" ಎಂದ. ಏನಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಆದರೆ ಏನಿಲ್ಲ ಎಂದು ತಾನು ಅಂದು, ಅವನು ಬಂದು ನೋಡಿ, ಇದ್ದದ್ದು ಹೊರಬಿದ್ದರೆ? ಮಲರ್ ಎದುರಿಗೆ ತಾನೂ ಕಳ್ಳಿ ಎನಿಸಿಕೊಂಡರೆ? "ಬಿಚ್ಚು," ಎಂದಳು. ತಾಯಿಯ ವಯಸ್ಸಿನ ಆ ಹೆಂಗಸನ್ನು ಅವಳು ಯಾವತ್ತೂ ಬನ್ನಿ ಹೋಗಿ ಎಂದೇ ಮಾತಾಡಿಸಿದವಳು. ಗಂಗಮ್ಮ ಅವಳ ಮುಖವನ್ನೇ ಒಂದು ಕ್ಷಣ ನೋಡಿ, ನಿಧಾನಕ್ಕೆ ಗಂಟು ಬಿಚ್ಚಿದಳು. ಮೆಣಸು ಸಿಮೆಂಟಿನ ಮೇಲೆ ಚೆಲ್ಲಿ ಎಲ್ಲರ ಕಾಲ ನಡುವೆ ಉರುಳಿತು.

"ನೋಡಿ ಮತ್ತೆ, ತೂಕ ಎಲ್ಲಿಂದ ಬರ್ತದೆ," ಎಂದ ಪದ್ಮಯ್ಯ. ಅವನ ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. ಮೈಸೂರಿಗೆ ಹೇಳಲು ಒಂದು ಹೆಸರು ಸಿಕ್ಕಿತ್ತು. "ನಾಳೆಯಿಂದ ಕಣಕ್ಕೆ ಬರೋದು ಬೇಡ ಗಂಗಮ್ಮ. ಪಿಕಿಂಗಿಗೂ ಬೇಡ." ಗಂಗಮ್ಮ ಬೇಡಿಕೊಳ್ಳಲಿಲ್ಲ. ಬಗ್ಗಿ ಮೆಣಸು ಆರಿಸತೊಡಗಿದಳು, ಕಣದ ಮೇಲೆ ಚೆಲ್ಲಿದ್ದನ್ನು ಆರಿಸುವುದು ಅವಳ ಕೈಗೆ ಅಭ್ಯಾಸವಾಗಿತ್ತು. ಉಷಾಗೆ ಆಗ ಏನಾಯಿತೋ, ಸ್ವೆಟರು ಹಿಡಿದು ಹತ್ತಿರ ಬಂದ ಮಲರ್ ಕಡೆ ತಿರುಗಿ, "ಇವರದ್ದು ಯಾವಾಗ್ಲೂ ಇದೇ ಕಥೆ ಅಕ್ಕಾ" ಎಂದು ಒಂದು ನಗೆ ನಕ್ಕಳು. ಆ ನಗೆ ಯಾರದು? ಎಲ್ಲಿಂದ ಬಂತು? ಮಲರ್ ಸ್ವೆಟರನ್ನು ಅವಳ ಕೈಗೆ ಕೊಟ್ಟು, "ಹಾಕ್ಕೊ, ಚಳಿ" ಎಂದಳು, ಅಷ್ಟೇ. ಉಳಿದ ಹೆಂಗಸರು ಉಷಾ ಹೇಳುವ ಮೊದಲೇ ತಮ್ಮ ತಮ್ಮ ಗಂಟು ಬಿಚ್ಚಿ ತೋರಿಸಿ ಹೊರಟುಹೋದರು.

ಬೆಳಿಗ್ಗೆ ಎದ್ದಾಗ ಮಲರ್ ಮನೆಯಲ್ಲಿರಲಿಲ್ಲ. ಆ ದಿನ ಇಬ್ಬರೂ ಇಗ್ಗುತಪ್ಪನ ಗುಡಿಗೆ ಹೋಗಿ, ಅಲ್ಲಿಂದ ಬೆಟ್ಟ ಕಾಣುವ ತಿರುವಿನಲ್ಲಿ ಕೂತು ಕಿತ್ತಳೆ ತಿನ್ನುವುದೆಂದು ಎಂದೋ ಮಾತಾಗಿತ್ತು. ರಜೆಯ ಕೊನೆಯ ದಿನವೆಂದರೆ ಹೇಗಿರಬೇಕೆಂದು ಉಷಾ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. ಈಗ ಅವಳು ಒಲೆಯ ಮುಂದೆ ನಿಂತು, ಮಲರ್ ಒಳಗೆ ಬಂದ ಕೂಡಲೇ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದಳು. ನನ್ನ ಕೆಲಸವೇ ಅದು ಅಕ್ಕಾ. ನಾನು ಬಿಟ್ಟರೆ ಇನ್ನೊಬ್ಬಳು ಮಾಡುತ್ತಾಳೆ, ಅಂಗೈಯಿಂದ ಮಾಡುತ್ತಾಳೆ. ಎಲ್ಲವೂ ನಿಜವೇ ಆಗಿತ್ತು, ಆದರೂ ಒಂದೂ ನಿಲ್ಲುತ್ತಿರಲಿಲ್ಲ. ಯಾಕೆಂದರೆ ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಬಟ್ಟೆಯ ಚೀಲವೊಂದರಲ್ಲಿ ಅವಳದೇ ಮೆಣಸಿತ್ತು. ಮಲರ್ ಬಂದಾಗ ಕೊಡಬೇಕೆಂದು ಮೆಣಸಿನ ಕೊಯ್ಲು ಶುರುವಾದಾಗಿನಿಂದ ಕಣದಿಂದ ಒಂದೊಂದೇ ಹಿಡಿ ತಂದು ತುಂಬಿಸಿದ್ದು. ಚೆಕಿಂಗು ಮಾಡುವವಳನ್ನು ಚೆಕ್ ಮಾಡುವವರು ಯಾರಿದ್ದಾರೆ. ತರುವಾಗ ಅದು ಕಳ್ಳತನ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ತನ್ನ ತೋಟದ್ದೇ ಎನ್ನುವ ಸಲಿಗೆಯಿಂದ ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಗಂಗಮ್ಮನಿಗೂ ಹಾಗೇ ಅನ್ನಿಸಿರಬಹುದಲ್ಲ ಎನ್ನುವ ಯೋಚನೆ ಬಂದದ್ದೇ ಅವಳು ಹಾಲಿನ ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದಳು.

ಮಲರ್ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತಳು. "ಗಂಗಮ್ಮನ ಮನೆಗೆ ಹೋಗಿದ್ದೆ. ಹೇಳಿ ಹೋಗ್ಬೇಕಲ್ಲ."

"ಏನಂದ್ರು?"

"ಕಾಫಿ ಕೊಟ್ರು." ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಾ ಹೇಳಿದಳು: "ಆ ಮೆಣಸು ನನಗೆ ಅಂತ ತೆಗೆದಿಟ್ಟದ್ದಂತೆ ಉಷಾ. ಪರದೇಶದಿಂದ ಬಂದೋಳು ನಮ್ಮ ಲೈನಿಗೆ ಬಂದು ಕೂತ್ಲು, ಬರಿಗೈಯಲ್ಲಿ ಹೇಗೆ ಕಳಿಸೋದು ಅಂತ. ನನ್ನಿಂದ ಆಯ್ತು ನೋಡು. ನಾನು ಅಲ್ಲಿಗೆ ಬರ್ಬಾರ್ದಿತ್ತು."

ಅವಳು ಬೈದಿದ್ದರೆ ಉಷಾಗೆ ಉತ್ತರವಿತ್ತು. ಈಗಲೇ ಹೋಗಿ ಪದ್ಮಯ್ಯನಿಗೆ ಹೇಳುತ್ತೇನೆ ಎಂದುಕೊಂಡಳು. ಎದ್ದಳು ಕೂಡ. ಎದ್ದವಳು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದುಕೊಂಡು ಬಂದಳು. ಗುಡಿಗೆ ಹೋಗಲಿಲ್ಲ. ಮಲರ್ ಕಾಲು ನೋವು ಎಂದಳು, ಉಷಾ ಬಿಸಿಲು ಎಂದಳು. ಇಬ್ಬರೂ ಜಗಲಿಯಲ್ಲಿ ಕೂತು ಕಿತ್ತಳೆ ಸುಲಿದು, ಮಸ್ಕತ್ತಿನ ಮನೆಯ ಮಕ್ಕಳು ಈಗ ಎಷ್ಟು ಎತ್ತರ ಬೆಳೆದಿರಬಹುದೆಂದು ಮಾತಾಡಿದರು. ಆ ಮನೆಯ ಹಜಾರ, ಕಾರ್ಪೆಟ್ಟು ಮಾತಿನ ಹತ್ತಿರ ಬಂದಾಗಲೆಲ್ಲ ಇಬ್ಬರೂ ಪಕ್ಕಕ್ಕೆ ಸರಿದು ನಡೆದರು. ಸಂಜೆ ಪೆಟ್ಟಿಗೆ ಕಟ್ಟುವಾಗ ಉಷಾ ಬಟ್ಟೆಯ ಚೀಲವನ್ನು ತಂದು ಮುಂದಿಟ್ಟಳು. ಇಡದೆ ಇರಲು ಆಗುತ್ತಿರಲಿಲ್ಲ. ನಮ್ಮ ತೋಟದ ಮೆಣಸು ಕೊಡ್ತೀನಿ ಎಂದು ಫೋನಿನಲ್ಲಿ ಅಷ್ಟು ಸಲ ಹೇಳಿದ್ದಳು. ಮಲರ್ ಚೀಲದ ಬಾಯಿ ಬಿಡಿಸಿ ಮೂಗಿನ ಹತ್ತಿರ ಹಿಡಿದಳು.

"ಒಳ್ಳೇ ವಾಸನೆ. ಕಣದ್ದಾ?"

"ಅಯ್ಯೋ, ಅಲ್ಲ ಅಕ್ಕಾ. ವಿರಾಜಪೇಟೆ ಅಂಗಡಿಯಿಂದ ತರಿಸಿದ್ದು."

ಮಲರ್ ತಲೆಯಾಡಿಸಿ ಚೀಲವನ್ನು ಸೀರೆಗಳ ನಡುವೆ ಇಟ್ಟಳು. ಅವಳು ನಂಬಿದಳೋ ಇಲ್ಲವೋ ಎಂದು ಉಷಾ ಅವಳ ಕೈಗಳನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಆಟೋ ತೋಟದ ಗೇಟಿನಲ್ಲಿ ನಿಂತಿತ್ತು. ಮೆಣಸಿನ ಕಾಲದಲ್ಲಿ ಹೊರಗೆ ಹೋಗುವ ಚೀಲಗಳನ್ನೆಲ್ಲ ವಾಚ್‌ಮನ್ ಸಿದ್ದ ತೆರೆದು ನೋಡಬೇಕೆಂಬುದು ಪದ್ಮಯ್ಯನ ಕಟ್ಟಪ್ಪಣೆ. ಸಿದ್ದ ಮಲರ್ ಪೆಟ್ಟಿಗೆ ನೋಡಿ, ಉಷಾಳ ಮುಖ ನೋಡಿ, "ಹೋಗಿ ಹೋಗಿ, ಉಷಕ್ಕನ ನೆಂಟ್ರದ್ದು ಏನು ನೋಡೋದು" ಎಂದು ಗೇಟು ತೆರೆದ. ಮಲರ್ ಮಾತ್ರ ಪೆಟ್ಟಿಗೆಯನ್ನು ಮಣ್ಣಿನ ಮೇಲೆ ಮಲಗಿಸಿದಳು. ಮಂಡಿಯೂರಿ ಕೂತು ಜಿಪ್ ಎಳೆದಳು. "ಇದನ್ನೂ ನೋಡಿ" ಎಂದಳು, ಸಿಟ್ಟಿಲ್ಲದೆ, ಅಣಕವಿಲ್ಲದೆ, ಹಿಂದೆ ಯಾವಾಗಲೋ ಹೇಳಿದ ಅದೇ ದನಿಯಲ್ಲಿ. ಸೀರೆಗಳು, ಅಂಗಿಗಳು, ಕುಶಾಲನಗರದಲ್ಲಿ ಕೊಂಡ ಅಗರಬತ್ತಿ, ದುಬಾರೆಯ ಮರದ ಆನೆ, ಒಂದೊಂದನ್ನೂ ಎತ್ತಿ ತೋರಿಸಿ ಪಕ್ಕಕ್ಕಿಟ್ಟಳು. ಉಷಾ ಮೆಣಸಿನ ಚೀಲಕ್ಕಾಗಿ ಕಾದಳು. ಆ ಸೀರೆಯ ಕೆಳಗೆ, ಇಲ್ಲ, ಅದರ ಕೆಳಗೆ. ಈಗ ಬರುತ್ತದೆ, ಸಿದ್ದ ನೋಡುತ್ತಾನೆ, ಮಧ್ಯಾಹ್ನದೊಳಗೆ ಪದ್ಮಯ್ಯನಿಗೆ ಮುಟ್ಟುತ್ತದೆ. ಪೆಟ್ಟಿಗೆಯ ತಳ ಕಾಣಿಸಿತು. ಮೆಣಸು ಇರಲಿಲ್ಲ. ಅಬ್ಬಾ ಎಂದು ಉಷಾ ಉಸಿರು ಬಿಟ್ಟಳು. ಬಿಟ್ಟ ಮೇಲೆ, ಮಲರ್ ತನ್ನ ಉಡುಗೊರೆಯನ್ನು ಒಯ್ಯುತ್ತಿಲ್ಲ ಎನ್ನುವುದು ಹೊಳೆಯಿತು. ದುಃಖ ಮೊದಲು ಬರಬೇಕಿತ್ತು, ಮೊದಲು ಬಂದದ್ದು ನೆಮ್ಮದಿ. ಮಲರ್ ಎಲ್ಲವನ್ನೂ ಮಡಿಚಿ ತುಂಬಿ, ಎದ್ದು, ಅವಳನ್ನು ತಬ್ಬಿಕೊಂಡು, "ಹುಷಾರಾಗಿರು, ಹೊತ್ತೊತ್ತಿಗೆ ಊಟ ಮಾಡು" ಎಂದಳು. ಅಪ್ಪುಗೆ ಮೊದಲಿನಷ್ಟೇ ಬಿಗಿಯಾಗಿತ್ತು. ಅದಕ್ಕಿಂತ ಬೇರೆ ಶಿಕ್ಷೆ ಬೇಕಿರಲಿಲ್ಲ.

ಮನೆಗೆ ಮರಳಿ ನೋಡಿದರೆ ಬಟ್ಟೆಯ ಚೀಲ ಮೊದಲು ಬಚ್ಚಿಟ್ಟ ಜಾಗದಲ್ಲಿರಲಿಲ್ಲ. ಅಡುಗೆಕೋಣೆಯ ಶೆಲ್ಫಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಮೆಣಸು ಇರಬೇಕಾದ ಕಡೆಯೇ ಇತ್ತು. ಉಷಾ ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನಿರ್ಧಾರ ಮಾಡಿದಳು. ಇವತ್ತು ಸಂಜೆ ಚೆಕಿಂಗು ಮುಗಿದ ಮೇಲೆ ತನ್ನ ಬ್ಯಾಗನ್ನೂ ತೂಕದ ಮೇಜಿನ ಮೇಲೆ ಇಟ್ಟು ಬಿಚ್ಚುವುದು. ಇದನ್ನೂ ನೋಡಿ ಎನ್ನುವುದು. ಗಂಗಮ್ಮ ಬೇಡ ಎಂದಾದರೆ ನಾನೂ ಬೇಡ ಎನ್ನುವುದು. ಹಗಲೆಲ್ಲ ಆ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಅದು ಬಾಯಿಪಾಠವಾಯಿತು. ಹೇಳುವಾಗ ಮಲರ್ ಸಿಲ್ವರ್ ಮರದ ಹತ್ತಿರ ನಿಂತು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಹೊರಡುವಾಗ ಚೀಲವನ್ನು ಬ್ಯಾಗಿಗೆ ಹಾಕಿದಳು. ಚಳಿಯಾದೀತೆಂದು ಸ್ವೆಟರನ್ನೂ ಬ್ಯಾಗಿಗೇ ಹಾಕಿದಳು.

ಸಂಜೆ ಹೆಂಗಸರು ಅವಳ ಮುಖ ನೋಡದೆ ಸಾಲಾಗಿ ಬಂದು, ತಾವೇ ಗಂಟು ಬಿಚ್ಚಿ, ತಾವೇ ಕಟ್ಟಿಕೊಂಡು ಹೋದರು. ಅವಳ ಕೈಗೆ ಕೆಲಸವೇ ಇರಲಿಲ್ಲ. ಕೊನೆಯವಳೂ ಹೋದ ಮೇಲೆ ಉಷಾ ಮೇಜಿನ ಹತ್ತಿರ ಹೋಗಿ ಬ್ಯಾಗನ್ನಿಟ್ಟು ಜಿಪ್ ಎಳೆದಳು. "ಪದ್ಮಯ್ಯನವರೇ, ಇದನ್ನೂ ನೋಡಿ," ಎಂದಳು. ಪದ್ಮಯ್ಯ ತೂಕದ ಯಂತ್ರದ ಮೇಲಿಂದ ಕಣ್ಣೆತ್ತಿ ಬ್ಯಾಗಿನೊಳಗೆ ನೋಡಿದ.

"ಏನು, ಸ್ವೆಟರಾ? ಹಾಕ್ಕೊಳ್ಳಿ ಮತ್ತೆ, ಚಳಿ ಹಿಡೀತದೆ. ನಿಮ್ಮದನ್ನ ನೋಡ್ಲಿಕ್ಕೆ ಸುರು ಮಾಡಿದ್ರೆ ನಾಳೆ ನನ್ನ ಜೇಬನ್ನೂ ನೋಡ್ಬೇಕು," ಎಂದು ನಕ್ಕು ಮತ್ತೆ ಯಂತ್ರದ ಮೇಲೆ ಬಗ್ಗಿದ.

ಮೆಣಸಿನ ಚೀಲ ಸ್ವೆಟರಿನ ಕೆಳಗಿತ್ತು. ಚೀಲ ಹಾಕಿ ಅದರ ಮೇಲೆ ಸ್ವೆಟರು ಹಾಸಿದವಳು ತಾನೇ. ಹೊರಡುವಾಗ ಅದು ಚಳಿಗೆಂದುಕೊಂಡಿದ್ದಳು. ಈಗ ಮೇಜಿನ ಮುಂದೆ ನಿಂತಾಗ ಆ ಕೈ ಏನು ಮಾಡಿತ್ತೆಂದು ಗೊತ್ತಾಯಿತು. ಸ್ವೆಟರನ್ನು ಎತ್ತಿದರೆ ಸಾಕಿತ್ತು. ಒಂದು ಬಟ್ಟೆ ಎತ್ತುವುದು, ಅಷ್ಟೇ. "ಈಗ ಬೇಡ, ಮನೆ ಹತ್ರಾನೇ ಅಲ್ವಾ," ಎಂದು ಅವಳು ಜಿಪ್ ಎಳೆದುಕೊಂಡಳು.

ದಾರಿ ಲೈನಿನ ಮುಂದೆಯೇ ಹಾದು ಹೋಗಬೇಕು. ಗಂಗಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಉಷಾ ತಲೆ ತಗ್ಗಿಸಿ ಬೇಗ ಹೆಜ್ಜೆ ಹಾಕಿದಳು.

"ಉಷಮ್ಮಾ," ಮುದುಕಿಯೇ ಕರೆದಳು. "ನಿಮ್ ಅಕ್ಕ ಹೊಂಟೋದ್ರಾ?"

"ಹೂಂ ಗಂಗಮ್ಮ. ಬೆಳಿಗ್ಗೆ."

"ಪಾಪ, ಅಷ್ಟು ದೂರದಿಂದ ಬಂದಿದ್ರು. ಏನಾದ್ರೂ ಕೊಟ್ಟು ಕಳ್ಸಿದ್ರಾ, ಇಲ್ಲಾ ಬರಿಗೈಲೇ ಹೋದ್ರಾ?"

ಉಷಾ ಬ್ಯಾಗನ್ನು ಪಕ್ಕೆಗೆ ಒತ್ತಿ ಹಿಡಿದಳು. ಬಟ್ಟೆಯೊಳಗೆ ಮೆಣಸು ಸಣ್ಣಗೆ ಜರುಗಿತು. "ಕೊಟ್ಟೆ," ಎಂದಳು. "ಮೆಣಸು ಕೊಟ್ಟೆ."

"ಸದ್ಯ," ಎಂದಳು ಗಂಗಮ್ಮ. ಅವಳ ಮುಖ ನಿಜವಾಗಿಯೂ ಹಗುರಾಯಿತು. "ಚಳಿ ಬಿದ್ದದೆ, ಏನಾದ್ರೂ ಹೊದ್ಕಂಡು ಹೋಗಿ."

ಉಷಾ ಹೂಂ ಎಂದಳು. ಮನೆ ಮುಟ್ಟುವವರೆಗೂ ನಡುಗುತ್ತಲೇ ನಡೆದಳು, ಬ್ಯಾಗನ್ನು ಮಾತ್ರ ತೆರೆಯಲಿಲ್ಲ.